ಚಿನ್ನುವಿನ ಇಪ್ಪತ್ತೊಂದನೇ ದಿನ

ಪ್ರಮೀಳಾಳ ವಿಷಯ ಹೇಳಬೇಕೆಂದರೆ ಅವಳ ಪೆನ್ನಿನಿಂದ ಶುರು ಮಾಡಬೇಕು. ಸಿಂಧಘಟ್ಟಕ್ಕೂ ಶೀಳನೆರೆಗೂ ನಡುವೆ ಒಂದು ಕೊಪ್ಪಲಿದೆ, ನೂರಿಪ್ಪತ್ತು ಮನೆ, ಮನೆಗಿಂತ ಹಸು ಹೆಚ್ಚು. ಅಲ್ಲಿಯ ಹೆಂಗಸರ ಹಾಲಿನ ಸಂಘದ ಮೇಜಿನ ಕಾಲಿಗೆ ಗೋಣಿದಾರದಲ್ಲಿ ಒಂದು ನೀಲಿ ಪೆನ್ನು ಕಟ್ಟಿತ್ತು. ಹದಿನೆಂಟು ವರ್ಷದಲ್ಲಿ ಪೆನ್ನು ಎಷ್ಟೋ ಬದಲಾದವು, ದಾರ ಮಾತ್ರ ಅದೇ. ಯಾರೂ ಎತ್ತಿಕೊಂಡು ಹೋಗಬಾರದೆಂದು ಪ್ರಮೀಳಾ ಅದನ್ನು ಎಷ್ಟು ಗಿಡ್ಡಕ್ಕೆ ಕಟ್ಟಿದ್ದಳೆಂದರೆ, ಕೊನೆಗೆ ಅವಳೇ ಮೂಗು ಪುಸ್ತಕಕ್ಕೆ ತಾಗುವಷ್ಟು ಬಗ್ಗಿ ಬರೆಯಬೇಕಾಗಿತ್ತು. ದಾರ ಒಂದಿಷ್ಟು ಉದ್ದ ಮಾಡ್ಕೊಳ್ಳೇ ಎಂದು ಯಾರಾದರೂ ಹೇಳಿದರೆ, "ಇರ್ಲಿ ಬುಡಿ, ಅಭ್ಯಾಸ ಆಗೈತೆ" ಎನ್ನುವಳು. ಅಂಥ ಹೆಣ್ಣು.

ಆ ಪುಸ್ತಕದಲ್ಲಿ ಹಾಲಿನ ಲೆಕ್ಕ ಇರಲಿಲ್ಲ, ಅದು ಬೇರೆಯವರ ಕೆಲಸ. ಇದರಲ್ಲಿದ್ದದ್ದು ಊರಿನ ಹಸುಗಳ ದಿನಗಳು. ಹಸು ಬೆದೆಗೆ ಬಂದರೆ ಹೋರಿ ಇರುವ ಊರಿಗೆ ಹೊಡೆದುಕೊಂಡು ಹೋಗುವ ಕಾಲ ಎಂದೋ ಮುಗಿಯಿತು. ಈಗ ಚಿಕ್ಕಮಾದಯ್ಯ ಬೈಕಿನ ಹಿಂದೆ ಹೋರಿಬೀಜದ ಡಬ್ಬ ಕಟ್ಟಿಕೊಂಡು ಬಂದು ಸೂಜಿ ಹಾಕಿ ಹೋಗುತ್ತಾನೆ. ಅದು ಸೂಜಿಯಲ್ಲ, ಆದರೂ ಊರಿನವರೆಲ್ಲ ಸೂಜಿ ಎಂದೇ ಅನ್ನುವುದು, ಮಕ್ಕಳ ಮುಂದೆ ಮರ್ಯಾದೆಯಾಗಿ ಕೇಳಿಸುತ್ತದೆ. ಸೂಜಿ ಹಾಕಿದ ದಿನ, ಹೊತ್ತು ಎರಡನ್ನೂ ಬರೆದಿಡಬೇಕು. ಅಲ್ಲಿಂದ ಇಪ್ಪತ್ತೊಂದನೇ ದಿನ ಹಸು ಮತ್ತೆ ಅರಚಿಕೊಂಡರೆ ಸೂಜಿ ದಂಡವಾಯಿತು ಎಂದರ್ಥ. ತೆಪ್ಪಗೆ ಮೆಲುಕು ಹಾಕುತ್ತ ನಿಂತರೆ ಗಬ್ಬ ಕಟ್ಟಿದೆ ಎಂದು ನಂಬಬಹುದು. ಆ ದಿನ ಬಂದ ಕೂಡಲೇ ಪ್ರಮೀಳಾ ಬೆಳಗ್ಗೆಯೇ ಫೋನ್ ಮಾಡುವಳು: "ಅಕ್ಕ, ಇವತ್ತು ನಿಮ್ಮ ಅಸೀನ ಮ್ಯಾಲೆ ಒಂದು ಕಣ್ಣಿರ್ಲಿ." ತನ್ನ ಮದುವೆಯ ದಿನ ಮರೆತು ಗಂಡನ ಕೈಲಿ ಬೈಸಿಕೊಂಡವಳು ಊರಿನ ಒಂದು ಹಸುವಿನ ದಿನವನ್ನೂ ಮರೆತವಳಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಸಂಘಕ್ಕೆ ಕಂಪ್ಯೂಟರ್ ಬಂತು. ಅದಕ್ಕೊಂದು ಹೊದಿಕೆ ಬೇಕಲ್ಲ, ಪ್ರಮೀಳಾ ತನ್ನ ಹಸಿರು ಸೀರೆ ಹರಿದು ಹೊಲಿದಳು, ಜರಿಯಂಚು ಮುಂದುಗಡೆ ಬರುವ ಹಾಗೆ. ಪೇಟೆಯಲ್ಲಿ ಮೂರು ದಿನ ತರಬೇತಿ ಕೊಟ್ಟರು, ಊಟ ಚೆನ್ನಾಗಿತ್ತಂತೆ. ಪುಸ್ತಕದಲ್ಲಿದ್ದುದನ್ನೆಲ್ಲ ಈಗ ಎಕ್ಸೆಲ್ ಶೀಟಿನಲ್ಲಿ ತುಂಬಬೇಕು. ಗೆರೆ ಹಾಕಿದ ಮನೆಗಳು. ಮೊದಲ ಮನೆಯಲ್ಲಿ ಯಜಮಾನಿಯ ಹೆಸರು, ಎರಡನೆಯದರಲ್ಲಿ ಹಸುವಿನ ಹೆಸರು, ಮೂರನೆಯದರಲ್ಲಿ ಸೂಜಿ ಹಾಕಿದ ದಿನ ಮತ್ತು ಹೊತ್ತು. ನಾಲ್ಕನೆಯದರಲ್ಲಿ ಇಪ್ಪತ್ತೊಂದನೇ ದಿನ ಯಾವತ್ತು ಎಂಬುದನ್ನು ಶೀಟೇ ಲೆಕ್ಕ ಹಾಕಿಕೊಳ್ಳುತ್ತದೆ, ಆ ದಿನ ಬಂದಾಗ ಮನೆ ಹಳದಿಯಾಗುತ್ತದೆ. ಪ್ರಮೀಳಾಗೆ ಆ ಹಳದಿ ಎಂದರೆ ಪ್ರಾಣ. ಬೆಳಗ್ಗೆ ಬಂದವಳೇ ಹೊದಿಕೆ ತೆಗೆದು, ಯಾರ ಮನೆ ಹಳದಿಯಾಗಿದೆ ನೋಡಿ, ಅವರಿಗೆ ಫೋನ್ ಮಾಡಿ, ಆಮೇಲೆ ಕಾಫಿ.

ತೊಂದರೆ ಎಲ್ಲ ಮೂರನೇ ಮನೆಯದು. ಅವಳು ಟೈಪ್ ಮಾಡುವುದು ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಅದೂ ಸಾಲದು ಎಂದು ಫೆಬ್ರವರಿ ಮೂರನೇ ತಾರೀಖನ್ನು ಮೂರು, ಎರಡು ಎಂದು ಒತ್ತಿದರೆ, ಆ ಶೀಟು ಮಾರ್ಚಿ ಎರಡು ಎಂದು ಓದಿಕೊಂಡಿತು. ತಿಂಗಳು ಮೊದಲು, ದಿನ ಆಮೇಲೆ, ಅದರ ಕ್ರಮವೇ ಹಾಗೆ. ಮೇಘನ ಎನ್ನುವ ಹುಡುಗಿಯ ಹಸುವಿಗೆ ಹೋಗಬೇಕಾದ ಫೋನು ಒಂದು ತಿಂಗಳು ತಡವಾಗಿ ಹೋಯಿತು. "ಅಕ್ಕ, ನಮ್ಮ ಅಸ ಆಗ್ಲೇ ಎರಡು ಸಲ ಅರಚ್ಕಂಡು ಸುಮ್ನಾಯ್ತು" ಎಂದಳು ಮೇಘನ. ಆಮೇಲಿಂದ ಪ್ರಮೀಳಾ ತಿಂಗಳ ಹೆಸರನ್ನು ಅಕ್ಷರದಲ್ಲೇ ಹುಡುಕಿ ಹುಡುಕಿ ಒತ್ತತೊಡಗಿದಳು. ಅವಳು ಒತ್ತಿ ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ನಾಲ್ಕು ಕ್ಯಾನು, ನಾಲ್ಕು ಬಾಯಿ.

ಕೊನೆಗೆ ಮೈದುನ ರಘುನಂದನ್‌ಗೆ ಫೋನ್ ಮಾಡಿದಳು. ಅವನು ಶ್ರೀರಂಗಪಟ್ಟಣದಲ್ಲಿ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೇ ಕೂರುವವನು. ಊಟಕ್ಕೆ ಕೂತಿದ್ದ.

"ಅತ್ಗೆ, ತಾರೀಖು ಯಾಕೆ ಒತ್ತೀರಿ? ಈಕ್ವಲ್ ಟು ಹಾಕಿ, ಎನ್, ಓ, ಡಬ್ಲ್ಯು ಹಾಕಿ, ಬ್ರಾಕೆಟ್ ತೆಗ್ದು ಮುಚ್ಚಿ. ಎಂಟರ್. ಅಷ್ಟೇ."

"ಬ್ರಾಕೆಟ್ ಒಳಗೆ ಏನು?"

"ಏನೂ ಇಲ್ಲ."

"ಏನೂ ಇಲ್ದೇ ಇದ್ರೆ ಯಾಕೆ ತೆಗೀಬೇಕು, ಯಾಕೆ ಮುಚ್ಚಬೇಕು?"

"ಅಯ್ಯೋ ಅತ್ಗೆ, ನಂಗೆ ಸಾರು ಆರೋಯ್ತದೆ!" ಎಂದು ಇಟ್ಟುಬಿಟ್ಟ.

ಮಾರನೆಯ ದಿನ ಮೇ ನಾಲ್ಕು. ಬೆಳಗ್ಗೆ ಎಂಟು ಗಂಟೆಗೆ ಪುಟ್ಟತಾಯಮ್ಮ ಬಂದಳು. ಪುಟ್ಟತಾಯಮ್ಮ ಯಾರೆಂದರೆ ಪ್ರಮೀಳಾಳ ಹಿಂದಿನ ಬೀದಿಯವಳು, ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಸದಾ ಎಲೆಅಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ. ಅವಳ ಹಸು ಚಿನ್ನು. ಕಂದು ಮೈ, ಬಿಳಿ ಹಣೆ, ಒಂದು ಕಿವಿ ಮುರುಟಿದ್ದು. ಆ ಚಿನ್ನುವನ್ನು ಅವಳು ಮಾತಾಡಿಸುವ ಹಾಗೆ ಸೊಸೆಯನ್ನು ಮಾತಾಡಿಸಿದ್ದರೆ ಆ ಮನೆ ಸ್ವರ್ಗವಾಗುತ್ತಿತ್ತು. ಇರಲಿ, ಅದು ಬೇರೆ ಕತೆ. ಚಿನ್ನುವಿಗೆ ಮೂರು ಸಲ ಸೂಜಿ ಹಾಕಿಸಿ ಮೂರೂ ಸಲ ಗಬ್ಬ ನಿಂತಿರಲಿಲ್ಲ. ಅಂದು ನಾಲ್ಕನೆಯದು ಹಾಕಿಸಿ ಬಂದಿದ್ದಳು.

ಪ್ರಮೀಳಾ ಮೈದುನ ಹೇಳಿದಂತೆ ಒತ್ತಿದಳು. ಅಬ್ಬಾ! ತಾರೀಖು, ಗಂಟೆ, ನಿಮಿಷ, ಎಲ್ಲ ಒಂದೇ ಏಟಿಗೆ ಬಂದು ಕೂತವು.

"ಬರ್ಕಂಡ್ಯಾ ಮಗ?"

"ಬರ್ಕಂಡೆ ಕಣತ್ತೆ. ಎಂಟೂ ಹತ್ತು."

"ಇಷ್ಟು ಬೇಗ? ನಾನು ಇನ್ನೂ ಕೂತೇ ಇಲ್ವಲ್ಲೇ!" ಪುಟ್ಟತಾಯಮ್ಮನಿಗೆ ಏನೋ ಮೋಸವಾದಂತೆನಿಸಿತು. ಸಂಘಕ್ಕೆ ಬಂದರೆ ಅರ್ಧ ಗಂಟೆ ಕೂತು ಎರಡು ಮನೆ ಸುದ್ದಿಯಾದರೂ ಹೇಳಿ ಹೋಗುವವಳು.

ಆವತ್ತಿನಿಂದ ಪ್ರಮೀಳಾ ದೊರೆ. ಯಾರು ಬಂದರೂ ಟಕಟಕ ಒತ್ತಿ ಕಳಿಸುವಳು. ಒಂದೇ ಒಂದು ಸಲ, ಮಾರನೆಯ ದಿನ ಐದನೇ ತಾರೀಖು, ಕರೆಂಟ್ ಹೋಗಿತ್ತು. ಮತ್ತೆ ಮೇಘನಳ ಹಸುವಿನ ಸರದಿ. ಅದನ್ನು ಚೀಟಿಯಲ್ಲಿ ಗೀಚಿಟ್ಟು, ಆರನೇ ತಾರೀಖು ಬೆಳಗ್ಗೆ ಎಲ್ಲಕ್ಕಿಂತ ಮೊದಲು ಹಳೆಯ ಕ್ರಮದಲ್ಲಿ ಬೆರಳಲ್ಲೇ ಹೆಕ್ಕಿ ಹೆಕ್ಕಿ ಐದನೇ ಮೇ ಎಂದು ಒತ್ತಿದಳು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಪುಟ್ಟತಾಯಮ್ಮನ ಮಗ ಪುಟ್ಟಸ್ವಾಮಿ. ಕೆಟ್ಟವನಲ್ಲ, ಅವಸರದವನು. ಪಾಂಡವಪುರದ ಕಡೆ ಭತ್ತ ಕೊಯ್ಯುವ ಮೆಷಿನ್ ಜೊತೆ ಹೋಗಿದ್ದವನು ಹನ್ನೆರಡನೇ ತಾರೀಖು ಮನೆಗೆ ಬಂದ. ಬಂದವನೇ ಕೊಟ್ಟಿಗೆಯಲ್ಲಿ ನಿಂತು ಹೇಳಿದ:

"ಅವ್ವಾ, ಸಾಕು. ಇಪ್ಪತ್ತಾರರ ಸಂತೆಗೆ ಒಬ್ಬ ಗಿರಾಕಿ ಬತ್ತಾವ್ನೆ. ಅಷ್ಟರೊಳಗೆ ಇಪ್ಪತ್ತೊಂದು ದಿನ ದಾಟಿ ಅಸ ಸುಮ್ನೆ ನಿಂತಿದ್ರೆ ಇರ್ಲಿ. ಇಲ್ದಿದ್ರೆ ಕೊಟ್ಟುಬುಡದೇಯ."

"ದಾಟ್ತದೆ ಕಣ್ಲಾ. ನಾಲ್ಕನೇ ತಾರೀಕೇ ಆಕ್ಸಿವ್ನಿ."

"ನೀನು ಏಳಿದ್ದು ಬ್ಯಾಡ. ಆ ಅಸೀಗೋಸ್ಕರ ನೀನು ಯುಗಾದಿ ದಿನಾನೇ ಆಕ್ಸಿದ್ದು ಅಂತ್ಲೂ ಅಂತೀಯ. ಪ್ರಮೀಳಕ್ಕ ಫೋನ್ ಮಾಡ್ಲಿ, ಆಗ ನಂಬ್ತೀನಿ."

ಪುಟ್ಟತಾಯಮ್ಮ ಒಪ್ಪಿದಳು. ಪ್ರಮೀಳಾಳ ಫೋನ್ ಎಂದರೆ ಊರಿನಲ್ಲಿ ಮೊಹರು ಒತ್ತಿದ ಕಾಗದದಷ್ಟೇ ಬೆಲೆ. ಇಪ್ಪತ್ತೈದನೇ ತಾರೀಖು ಬೆಳಗ್ಗೆಯಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಚಿನ್ನುವಿನ ಮುಂದೆ ಕೂತಳು. ಚಿನ್ನು ತಣ್ಣಗೆ ಮೆಲುಕು ಹಾಕುತ್ತಿತ್ತು. ಫೋನು ಬರಲಿಲ್ಲ. ಸಂಜೆಯಾಯಿತು, ಬರಲಿಲ್ಲ. ತಾನಾಗಿ ಮಾಡೋಣವೆಂದರೆ ಕರೆನ್ಸಿ ಮುಗಿದಿತ್ತು, ಮಗನನ್ನು ಕೇಳಲು ಮರ್ಯಾದೆ ಬಿಡಲಿಲ್ಲ, ಸಂಘಕ್ಕೆ ಹೋಗೋಣವೆಂದರೆ ಚಿನ್ನುವಿನ ಮುಂದಿನಿಂದ ಏಳಲು ಮನಸ್ಸು ಬರಲಿಲ್ಲ.

ಮಾರನೆಯ ದಿನ ಸೋಮವಾರ, ಸಂತೆಯ ದಿನ, ಬೆಳಗ್ಗೆ ಏಳಕ್ಕೆ ವಜೀರ್ ಪಾಷಾನ ಗೂಡ್ಸ್ ಆಟೋ ಮನೆ ಮುಂದೆ ಬಂದು ನಿಂತಿತು. ಪೇಟೆಯಿಂದ ಬೂಸಾ ಮೂಟೆ ತರುವವನೂ ಅವನೇ, ಸಂತೆಗೆ ದನ ಒಯ್ಯುವವನೂ ಅವನೇ. ಅವನ ಹಾರನ್ ಒಂದು ಸಲ ಶುರುವಾದರೆ ಅದರಷ್ಟಕ್ಕೆ ಅದೇ ನಿಲ್ಲಬೇಕು. ಚಿನ್ನುವನ್ನು ಹತ್ತಿಸಿದ್ದೂ ಆಯಿತು. ಪುಟ್ಟತಾಯಮ್ಮ ಚಪ್ಪಲಿಯಿಲ್ಲದೆ ಸಂಘಕ್ಕೆ ಓಡಿದಳು. ಹಿಂದೆ ಮಗ, ಅವನ ಹಿಂದೆ ಆಟೋ, ಆಟೋದಲ್ಲಿ ಚಿನ್ನು, ಊರ ಮೆರವಣಿಗೆ ಹೊರಟ ಹಾಗೆ.

"ಪ್ರಮೀಳಾ! ನಿಂಗೆ ನನ್ನ ಮ್ಯಾಲೆ ಏನು ಕ್ವಾಪ ಇತ್ತೇ? ಯಾಕೆ ಫೋನ್ ಮಾಡ್ಲಿಲ್ಲ?"

ಪ್ರಮೀಳಾ ಆಗತಾನೇ ಹೊದಿಕೆ ತೆಗೆದಿದ್ದಳು. "ನಿಮ್ದು ಹಳದಿ ಆಗ್ಲಿಲ್ವಲ್ಲತ್ತೆ" ಎನ್ನುತ್ತ ಚಿನ್ನುವಿನ ಸಾಲಿಗೆ ಹೋದಳು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಎರಡೇ, ಮೇಲುಗಡೆ ಹಳದಿಯಾದ ಮನೆ, ಕೆಳಗಡೆ ಹೊಸದಾಗಿ ತುಂಬುವ ಮನೆ. ನಡುವಿನದನ್ನು ನೋಡಿರಲಿಲ್ಲ. ಈಗ ನೋಡಿದಳು. ಚಿನ್ನುವಿನ ಮುಂದೆ ಮೇ ಇಪ್ಪತ್ತಾರು, ಬೆಳಗ್ಗೆ ಏಳೂ ಹದಿನಾಲ್ಕು ಎಂದಿತ್ತು.

ಪುಟ್ಟಸ್ವಾಮಿ ಅವಳ ಭುಜದ ಮೇಲಿಂದ ಬಗ್ಗಿ ಓದಿದ. ಗೋಡೆಯ ಗಡಿಯಾರ ನೋಡಿದ. ಏಳೂ ಹದಿನಾಲ್ಕು.

"ಅಕ್ಕ, ಇದೇನಕ್ಕ? ಈಗ ಈ ನಿಮಿಷದಲ್ಲಿ ಸೂಜಿ ಆಕ್ತಾವ್ರೆ ಅಂತದೆ. ಅಸ ಆಟೋದಲ್ಲಿ ನಿಂತದೆ. ಚಿಕ್ಕಮಾದಯ್ಯ ಎಲ್ಲವ್ನೆ, ಸೀಟಿನ ಕೆಳಗೆ ಅವಿತ್ಕಂಡವ್ನಾ?"

ಪ್ರಮೀಳಾ ಗಾಬರಿಯಲ್ಲಿ ಯಾವುದೋ ಮನೆಯಲ್ಲಿ ಏನೋ ಒತ್ತಿ ಎಂಟರ್ ಹೊಡೆದಳು. ಏಳೂ ಹದಿನೈದಾಯಿತು. ಚಿನ್ನುವಿನದು ಮಾತ್ರವಲ್ಲ, ಕೆಳಗಿನವೂ ಅಷ್ಟೇ. ಗೌರಿ, ಲಚ್ಚಿ, ಕೆಂಪಿ, ಮೂರು ವಾರದಲ್ಲಿ ಸೂಜಿ ಹಾಕಿಸಿಕೊಂಡ ಹದಿನೆಂಟು ಹಸುಗಳೂ ಒಂದೇ ಗಳಿಗೆಗೆ ಸಾಲಾಗಿ ನಿಂತಿದ್ದವು.

ಬಾಗಿಲಲ್ಲಿ ನಿಂತ ವಜೀರ್ ಪಾಷಾ ಗಡ್ಡ ಕೆರೆದುಕೊಂಡ. "ಮಾಶಾಲ್ಲಾ! ಒಂದು ನಿಮಿಷಕ್ಕೆ ಹದಿನೆಂಟು! ಚಿಕ್ಕಮಾದಯ್ಯಂಗೆ ಎಷ್ಟು ಕೈ ಕೊಟ್ಟವ್ನೆ ದೇವ್ರು?"

ಯಾರಿಗಾದರೂ ನಗು ಬರಬೇಕು. ಪುಟ್ಟತಾಯಮ್ಮನ ಮುಖ ನೋಡಿ ಬಂದ ನಗು ಹಿಂದಕ್ಕೆ ಹೋಯಿತು.

ಚಿಕ್ಕಮಾದಯ್ಯನಿಗೆ ಫೋನ್ ಹಚ್ಚಿದರು. ಅವನು ಬೇರೆ ಯಾವುದೋ ಊರಿನ ಕೊಟ್ಟಿಗೆಯಲ್ಲಿದ್ದ. "ನಾನೆಲ್ಲಿ ಬರ್ಕಂತೀನವ್ವ? ನಿಮ್ಮತ್ರ ಕಂಪ್ಯೂಟರ್ ಬಂದ್ ಮ್ಯಾಲೆ ಡೈರಿ ಬರಿಯೋದೇ ಬುಟ್ಬುಟ್ಟೆ" ಎಂದ.

ವಜೀರ್ ಪಾಷಾನ ಮಗಳು ನೂರ್ ಫಾತಿಮಾ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. ಅವನು ಅವಳಿಗೆ ಫೋನ್ ಮಾಡಿ ಪ್ರಮೀಳಾಳ ಕೈಗೆ ಕೊಟ್ಟ. ಎಲ್ಲ ಕೇಳಿಸಿಕೊಂಡು ನೂರ್ ಫಾತಿಮಾ ಹೇಳಿದಳು, "ಆಂಟಿ, ನೀವು ಪ್ರತಿ ಮನೇಲೂ ಒಂದೊಂದು ಗಡಿಯಾರ ಇಟ್ಬಿಟ್ಟಿದ್ದೀರ. ಯಾವಾಗ ನೋಡಿದ್ರೂ ಈಗಿನ ಹೊತ್ತೇ ತೋರಿಸ್ತದೆ."

"ಹಳೇ ಹೊತ್ತು ವಾಪಸ್ ಬರಾಕಿಲ್ವಾ ಮಗ?"

"ಇಲ್ಲ ಆಂಟಿ. ಅದು ಹಳೇದನ್ನ ಇಟ್ಕೊಂಡೇ ಇಲ್ಲ."

ಪ್ರಮೀಳಾ ಫೋನನ್ನು ಪಾಷಾನಿಗೆ ವಾಪಸ್ ಕೊಟ್ಟಳು. ಮೇಜಿನ ಕಾಲಲ್ಲಿ ಆ ಗಿಡ್ಡ ದಾರ ಇನ್ನೂ ನೇತಾಡುತ್ತಿತ್ತು, ಪೆನ್ನಿಲ್ಲದೆ. ಹದಿನೆಂಟು ವರ್ಷ ಪೆನ್ನಿನಲ್ಲಿ ತಪ್ಪದ ಮಾತು ಬ್ರಾಕೆಟ್ ತೆಗೆದು ಮುಚ್ಚುವಷ್ಟರಲ್ಲಿ ತಪ್ಪಿತ್ತು. "ತಪ್ಪು ನಂದೇ ಪುಟ್ಟಸ್ವಾಮಿ" ಎಂದಳು. "ನಿಮ್ಮವ್ವಂದಲ್ಲ, ಚಿನ್ನುದೂ ಅಲ್ಲ."

"ಆದ್ರೂ ಅಕ್ಕ, ದಿನ ಗೊತ್ತಿಲ್ಲ ಅಂದ್ಮ್ಯಾಲೆ..." ಎಂದು ಅವನು ಆಟೋ ಕಡೆ ತಿರುಗಿದ.

"ಗೊತ್ತಿಲ್ಲ ಅಂತ ಯಾವನ್ಲಾ ಅಂದೋನು?" ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಾ ಕೊಟ್ಟಿಗೇಗೆ. ಕಂಬ ನೋಡು ಬಾ."

ಮೆರವಣಿಗೆ ವಾಪಸ್ ಹೊರಟಿತು. ಕೊಟ್ಟಿಗೆಯ ಕಲ್ಲುಕಂಬದ ಮೇಲೆ, ಹಸುವಿನ ಎತ್ತರಕ್ಕೆ, ಬಿಳಿ ಬಿಳಿ ಬೊಟ್ಟುಗಳ ಸಾಲು. ಸಂಜೆ ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಲ್ಲಿ ಉಳಿದ ಸುಣ್ಣವನ್ನು ಪುಟ್ಟತಾಯಮ್ಮ ದಿನಕ್ಕೊಂದರಂತೆ ಅಲ್ಲಿ ಒತ್ತಿದ್ದಳು, ಸೂಜಿ ಹಾಕಿಸಿದ ದಿನದಿಂದ. ಅವಳತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಪ್ರಮೀಳಾ ಒಂದೊಂದಾಗಿ ಮುಟ್ಟಿ ಎಣಿಸಿದಳು. ಇಪ್ಪತ್ತೆರಡು.

"ನಿನ್ನೆ ಸಂಜೆಗೆ ಇಪ್ಪತ್ತೆರಡು. ದಾಟೋಯ್ತು!" ಎಂದಳು ಮುದುಕಿ.

ಪುಟ್ಟಸ್ವಾಮಿ ಕಂಬವನ್ನೂ ತಾಯಿಯ ಬೆರಳನ್ನೂ ನೋಡಿದ. "ಅವ್ವಾ, ನೀನು ದಿನಕ್ಕೆ ಆರು ಸಲ ಎಲೆ ಆಕ್ತೀಯ. ಎಷ್ಟು ಸಲ ಒತ್ತಿದ್ಯೋ ಯಾವನಿಗ್ಗೊತ್ತು?"

"ಲೇ, ನಿನ್ನ ಎತ್ತೋನು ನಾನಾ ನೀನಾ?"

"ಅಲ್ನೋಡು, ಸಿಟ್ಟು ಬಂದ್ರೆ ಎತ್ತೋಳೂ ಎತ್ತೋನಾಯ್ತಾಳೆ."

ವಜೀರ್ ಪಾಷಾ ನಗು ತಡೆಯಲಾರದೆ ಆಟೋದ ಹಿಂದಕ್ಕೆ ಹೋದ. ಪ್ರಮೀಳಾ ನಗಲಿಲ್ಲ. ಅವಳ ಕಣ್ಣು ಬೊಟ್ಟುಗಳ ಮೇಲಿತ್ತು, ತಲೆ ಶೀಟಿನಲ್ಲಿತ್ತು. ಕಂಬದ ಬೊಟ್ಟು ಒತ್ತಿದ ಕಡೆ ಒಣಗಿ ನಿಂತಿದೆ, ಅದು ಓಡುವುದಿಲ್ಲ. ಅವಳ ಶೀಟಿನಲ್ಲೂ ಓಡದ ಬೊಟ್ಟುಗಳು ಎಲ್ಲೋ ಇರಬೇಕಲ್ಲ? ಬೆರಳಲ್ಲಿ ಹೆಕ್ಕಿ ಒತ್ತಿದವು?

"ಪುಟ್ಟಸ್ವಾಮಿ, ಇನ್ನೊಂದು ಸಲ ಬಾರಪ್ಪ" ಎಂದು ಅವಳು ಸಂಘದ ಕಡೆ ನಡೆದಳು. ಆಟೋ ಮತ್ತೆ ತಿರುಗಿತು. ಚಿನ್ನುವಿಗೆ ಈ ಸವಾರಿ ಹಿಡಿಸಿತ್ತು, ಮುರುಟಿದ ಕಿವಿ ಅಲ್ಲಾಡಿಸುತ್ತ ಬೀದಿ ನೋಡುತ್ತಿತ್ತು.

ಪ್ರಮೀಳಾ ಶೀಟಿಗೆ ಬೆರಳಿಟ್ಟು ತೋರಿಸಿದಳು. "ನೋಡು. ಚಿನ್ನು ಮ್ಯಾಲಿನ ಸಾಲು, ಮೂರನೇ ತಾರೀಕು. ಅದು ನಾನು ಬೆರಳಲ್ಲೇ ಒತ್ತಿದ್ದು, ಓಡಾಕಿಲ್ಲ. ಮೊನ್ನೆ ಹಳದಿ ಆಯ್ತು, ಅವರಿಗೆ ಫೋನ್ ಮಾಡ್ದೆ. ಚಿನ್ನು ಕೆಳಗಿನ ಸಾಲು ಮೇಘನಂದು. ಕರೆಂಟ್ ಓಗಿತ್ತಲ್ಲ, ಅದನ್ನೂ ಬೆರಳಲ್ಲೇ ಒತ್ತಿದ್ದು. ಐದನೇ ತಾರೀಕು. ಇವತ್ತು ಹಳದಿ ಆಗೈತೆ, ಕಾಣ್ತದಾ?"

ಕಾಣುತ್ತಿತ್ತು. ಇಡೀ ಶೀಟಿನಲ್ಲಿ ಅದೊಂದೇ ಹಳದಿ.

"ಬಂದೋರು ಬಂದಂಗೆ ಒಂದ್ರ ಕೆಳಗೆ ಒಂದು ಬರೀತೀನಿ. ಚಿನ್ನು ಇವೆರಡರ ನಡುವೆ ಅವಳೆ. ಮೂರಕ್ಕಿಂತ ಮುಂಚೆ ಅಲ್ಲ, ಐದರಿಂದಾಚೆಗೂ ಅಲ್ಲ. ಕೆಳಗಿನೋಳಿಗೇ ಇಪ್ಪತ್ತೊಂದು ತುಂಬೈತೆ ಅಂದ್ರೆ, ಚಿನ್ನುಗೆ ತುಂಬಿಲ್ಲ ಅನ್ನಾಕಾಯ್ತದಾ?"

ಪುಟ್ಟಸ್ವಾಮಿ ಬೆರಳು ಮಡಚಿ ಲೆಕ್ಕ ಹಾಕಿದ, ಬಿಚ್ಚಿ ಮತ್ತೆ ಹಾಕಿದ. ಅವನ ತುಟಿ ಅಲ್ಲಾಡುತ್ತಿರುವುದನ್ನೇ ತಾಯಿ ನೋಡುತ್ತಿದ್ದಳು.

"ನಡುವೆ ನಾಲ್ಕು" ಎಂದ ಕೊನೆಗೆ. "ಬೊಟ್ಟೂ ಅಷ್ಟೇ ಅಂತದೆ."

"ಅಂತದೆ ಅಲ್ವೇನ್ಲಾ! ನಿನ್ನೆ ದಿನವೆಲ್ಲ ಅದ್ರ ಮುಂದೆ ಕುಂತಿವ್ನಿ. ಒಂದು ಸಲ 'ಅಂಬಾ' ಅನ್ನಲಿಲ್ಲ."

"ಒಂದೆರಡು ದಿನ ಆಚೆ ಈಚೆ ಆಯ್ತದೆ ಅವ್ವಾ. ಮುಂದಿನ ಸಂತೆವರ್ಗೂ ನೋಡ್ತೀನಿ." ಅವನ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಗಿರಾಕಿಗೆ ಫೋನ್ ಮಾಡಲು ಆಚೆ ಹೋದ.

ಇಳಿಸಲು ಹೋದರೆ ಚಿನ್ನು ಇಳಿಯಲೊಲ್ಲದು! ನಾಲ್ಕು ಕಾಲು ಊರಿ ನಿಂತುಬಿಟ್ಟಿತು. ವಜೀರ್ ಪಾಷಾ ಹಿಂದಿನಿಂದ ತಳ್ಳಿದ, ಪುಟ್ಟಸ್ವಾಮಿ ಮುಂದಿನಿಂದ ಎಳೆದ. "ಅಮ್ಮಾ, ಇದಕ್ಕೆ ಪೇಟೆ ನೋಡ್ಬೇಕಂತೆ, ಒಂದು ರೌಂಡು ಹಾಕ್ಕೊಂಡ್ ಬರ್ಲಾ?" ಎಂದ ಪಾಷಾ. ಪುಟ್ಟತಾಯಮ್ಮ ಒಂದು ಹಿಡಿ ಬೂಸಾ ತೋರಿಸಿದ ಮೇಲೆ ಇಳಿಯಿತು.

ಅಂದು ಮಧ್ಯಾಹ್ನ ನೂರ್ ಫಾತಿಮಾ ಮತ್ತೆ ಫೋನ್ ಮಾಡಿ ಸರಿಯಾದ ದಾರಿ ಹೇಳಿಕೊಟ್ಟಳು. "ಕಂಟ್ರೋಲ್ ಗುಂಡಿ ಒತ್ತಿ ಹಿಡ್ಕೊಳ್ಳಿ ಆಂಟಿ. ಬಲಗಡೆ ಎಲ್ ಅಕ್ಷರದ ಪಕ್ಕದಲ್ಲಿ ಚುಕ್ಕಿ, ಅದರ ಕೆಳಗೊಂದು ಬಾಲದ ಚುಕ್ಕಿ ಇರೋ ಗುಂಡಿ ಇದೆ, ಅದನ್ನ ಒತ್ತಿ. ತಾರೀಖು ಬೀಳ್ತದೆ. ಒಂದು ಸ್ಪೇಸ್ ಬಿಡಿ. ಆಮೇಲೆ ಕಂಟ್ರೋಲು, ಶಿಫ್ಟು ಎರಡೂ ಹಿಡ್ಕೊಂಡು ಅದೇ ಗುಂಡಿ ಮತ್ತೆ ಒತ್ತಿ. ಹೊತ್ತು ಬೀಳ್ತದೆ. ಎಂಟರ್. ಬಿದ್ದದ್ದು ಬಿದ್ದ ಕಡೆ ಇರ್ತದೆ, ಓಡಲ್ಲ."

"ಪುಟ್ಟತಾಯತ್ತೆ ಬೊಟ್ಟಿನಂಗೆ" ಎಂದಳು ಪ್ರಮೀಳಾ. ನೂರ್ ಫಾತಿಮಾಗೆ ಅರ್ಥವಾಗಲಿಲ್ಲ, ಹೂಂ ಎಂದಳು.

ಆ ಬಾಲದ ಚುಕ್ಕಿಯ ಗುಂಡಿ ಮಾತ್ರ ಕಣ್ಣಿಗೆ ಸಿಗದು, ಪ್ರತಿ ಸಲ ಹುಡುಕಬೇಕು. ಪಕ್ಕದಲ್ಲೇ ಕೂತು ಎಲೆ ಮಡಚುತ್ತಿದ್ದ ಪುಟ್ಟತಾಯಮ್ಮ, "ಯಾವ್ದೇ ಅದು, ಇದಾ?" ಎಂದು ಕೇಳಿ, ಬೆರಳ ತುದಿಯ ಸುಣ್ಣವನ್ನು ಆ ಗುಂಡಿಯ ಮೇಲೆ ಒತ್ತಿಯೇಬಿಟ್ಟಳು.

"ಅಯ್ಯೋ ಅತ್ತೆ! ಸರ್ಕಾರಿ ಸಾಮಾನು!"

"ಇರ್ಲಿ ಬುಡೇ. ಕಾಣ್ತದಲ್ಲ?"

ಕಾಣುತ್ತಿತ್ತು.

ಉಳಿದ ಹದಿನೇಳು ಹಸುಗಳ ದಿನ ಹುಡುಕಲು ಪ್ರಮೀಳಾ ಒಂದು ವಾರ ಮನೆಮನೆ ಸುತ್ತಿದಳು. ಒಬ್ಬಳು "ನಮ್ಮತ್ತೆ ಬಚ್ಚಲಲ್ಲಿ ಜಾರಿದ ಮಾರನೇ ದಿವ್ಸ" ಎಂದಳು. ಅತ್ತೆಯನ್ನು ಕೇಳಿದರೆ ತಾನು ಜಾರಿಯೇ ಇಲ್ಲ, ಸೊಸೆ ತಳ್ಳಿದ್ದು ಎಂದು ಬೇರೆ ಕತೆ ತೆಗೆದಳು. ಇನ್ನೊಬ್ಬಳು ಹೊಸಹೊಳಲಿನಲ್ಲಿ ತನ್ನ ತಂಗಿ ಮಗುವಿಗೆ ಹೆಸರಿಟ್ಟ ದಿನ ಎಂದಳು, ಕರೆಯೋಲೆ ಹುಡುಕಿ ತಂದಳು. ಹೀಗೆ ಒಂದೊಂದನ್ನೂ ಪತ್ತೆ ಮಾಡಿ, ಬೆರಳಲ್ಲೇ ಒತ್ತಿ, ಹದಿನೇಳಕ್ಕೆ ಹದಿನೇಳನ್ನೂ ನಿಲ್ಲಿಸಿದಳು.

ಮುಂದಿನ ಸಂತೆಗೂ ಚಿನ್ನು ಅರಚಲಿಲ್ಲ. ಮೂರು ತಿಂಗಳಿಗೆ ಡಾಕ್ಟರು ಬಂದು ಕೈಯಿಟ್ಟು ನೋಡಿ ಗಬ್ಬ ಎಂದರು. ಸೂಜಿಯ ದಿನದಿಂದ ಎಣಿಸಿ ಫೆಬ್ರವರಿ ಎಂಟಕ್ಕೆ ಕರು ಎಂದು ಶೀಟು ಹೇಳಿತ್ತು. ಚಿನ್ನು ಆರಕ್ಕೇ ಹಾಕಿತು, ಯಜಮಾನಿಯ ಹಾಗೇ ಅದಕ್ಕೂ ಅವಸರ. ಅಲ್ಲ, ಅವಸರ ಮಗನಿಗೆ. ಇರಲಿ, ಆ ಮನೆಯ ಗಾಳಿಯೇ ಹಾಗೆ.

ಅಂದು ಬೆಳಗ್ಗೆ ಪುಟ್ಟತಾಯಮ್ಮ ಏದುಸಿರು ಬಿಡುತ್ತ ಸಂಘಕ್ಕೆ ಬಂದಳು. "ಒತ್ತೇ ಪ್ರಮೀಳಾ, ಒತ್ತು ಒತ್ತು! ಎಣ್ಣುಗರ! ಅಣೆ ಬೆಳ್ಳಗದೆ, ಕಿವಿ ಎರಡೂ ನೆಟ್ಟಗವೆ!"

ಪ್ರಮೀಳಾ ಶೀಟಿನಲ್ಲಿ ಕರು ಹಾಕಿದ ದಿನದ ಮನೆಗೆ ಹೋಗಿ ಸುಣ್ಣದ ಬೊಟ್ಟಿನ ಗುಂಡಿ ಒತ್ತಿದಳು, ಸ್ಪೇಸ್ ಬಿಟ್ಟು ಮತ್ತೆ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

"ಏನಂತದೆ?"

"ಒಂಬತ್ತೂ ನಲವತ್ತು."

"ತಪ್ಪು! ಕರ ಬಿದ್ದಾಗ ಒಂಬತ್ತೂ ಇಪ್ಪತ್ತು. ಪುಟ್ಟಸ್ವಾಮಿ ಫೋನಲ್ಲಿ ನೋಡ್ದ. ನಾನು ಬತ್ತಾ ದಾರೀಲಿ ಮೂರು ಮನೇಲಿ ಏಳ್ಕಂಡು ಬಂದೆ."

"ಇದು ಈಗಿನ ಹೊತ್ತನ್ನೇ ಆಕೋದು ಅತ್ತೆ. ನೀವು ಮೊದ್ಲು ಇಲ್ಲಿಗೆ ಬರ್ಬೇಕಿತ್ತು."

"ಮೂರು ಮನೆಗೆ ಏಳ್ದೆ ನಿಂಗೆ ಮೊದ್ಲು ಏಳಿದ್ರೆ ಅವರು ಸುಮ್ಕಿರ್ತಿದ್ರಾ? ಅಳಿಸು. ನನ್ನ ಚಿನ್ನು ಕರ ಇಪ್ಪತ್ತು ನಿಮಿಷ ದೊಡ್ಡೋಳು."

ಪ್ರಮೀಳಾ ಅಳಿಸಿದಳು. ಮೂಗು ಗುಂಡಿಗಳಿಗೆ ತಾಗುವಷ್ಟು ಬಗ್ಗಿ, ಒಂದೇ ಬೆರಳಲ್ಲಿ ಒಂಬತ್ತನ್ನು ಹುಡುಕಿದಳು, ಎರಡನ್ನು ಹುಡುಕಿದಳು, ಸೊನ್ನೆಯನ್ನು ಹುಡುಕಿದಳು. ಬಾಗಿಲಲ್ಲಿ ಆಗಲೇ ನಾಲ್ಕು ಕ್ಯಾನು ಬಂದು ಸಾಲು ನಿಂತಿದ್ದವು. ಪುಟ್ಟತಾಯಮ್ಮ ನೆಮ್ಮದಿಯಾಗಿ ಬೆಂಚಿನ ಮೇಲೆ ಕೂತು, ಸುಣ್ಣದ ಡಬ್ಬಿ ತೆಗೆದು, ಮೊದಲನೇ ಮನೆಯ ಸುದ್ದಿ ಶುರು ಮಾಡಿದಳು.